ಅಪರಾಧದ ಮಾಸ್ತರನಿಗೆ ಕನ್ಯಾ ಹುಡುಕಿದ್ದು

ಜನ ಯಾಕೆ ತಪ್ಪು ದಾರಿ ಹಿಡಿಯುತ್ತಾರೆ ಎಂದು ವಿಜಯಪುರದ ಕಾಲೇಜೊಂದರಲ್ಲಿ ಪಾಠ ಹೇಳುವುದು ನನ್ನ ಕೆಲಸ. ಪುಸ್ತಕ ಮುಚ್ಚಿ ಹೊರಗೆ ಕಾಲಿಟ್ಟರೆ ಸಾಕು, ಒಂದಿಲ್ಲೊಂದು ಫಜೀತಿ ಕಾದಿರುತ್ತದೆ. ನನಗೆ ಮೂವತ್ನಾಲ್ಕು ದಾಟಿ, ಅವ್ವ ಕನ್ಯಾ ಹುಡುಕಲು ಶುರು ಮಾಡಿದ ವರ್ಷವಂತೂ ಓದಿದ ಸಿದ್ಧಾಂತಗಳೆಲ್ಲ ನನ್ನ ಮೇಲೇ ತಿರುಗಿಬಿದ್ದವು. ಮದುವೆಯಾಗುವ ಆಸೆ ನನಗೂ ಇತ್ತು, ಮುಚ್ಚಿಡುವುದೇನು.

ಪಾನ್ ಅಂಗಡಿಯ ಸಾಕ್ಷಿ

ನಮ್ಮ ಕಡೆ ಕನ್ಯಾ ಕೊಡುವವರು ಮೊದಲು ವರನ ಓಣಿಗೆ ಬಂದು ಗುಟ್ಟಾಗಿ ವಿಚಾರಿಸುತ್ತಾರೆ. ಸೊಲ್ಲಾಪುರ ರಸ್ತೆಯ ಗ್ಯಾರೇಜಿನವರೊಬ್ಬರು ಮಗಳ ಸಲುವಾಗಿ ಜೋರಾಪುರ ಪೇಟೆಗೆ ಬಂದು, ನಮ್ಮ ಮನೆ ಎದುರಿನ ಪಾನ್ ಅಂಗಡಿಯವನನ್ನು ಕೇಳಿದರಂತೆ. ಅವನಿಗೆ ನನ್ನ ಮೇಲೆ ಬಲು ಅಭಿಮಾನ.

"ಬಂಗಾರದಂಥ ಮನಷ್ಯಾರಿ! ಪ್ರತಿ ಮಂಗಳವಾರ ಜೈಲಿಗೆ ಹೋಗ್ತಾರ, ಸಂಜಿಕ್ಕ ಬರ್ತಾರ. ಒಂದ ವಾರ ತಪ್ಪಿಸಿಲ್ಲ ನೋಡ್ರಿ."

ಪಿಎಚ್‌ಡಿಗಾಗಿ ಕೈದಿಗಳನ್ನು ಮಾತಾಡಿಸಲು ಹೋಗುತ್ತೇನೆ ಎಂಬುದನ್ನು ಹೇಳಲು ಮರೆತಿದ್ದ. ಗ್ಯಾರೇಜಿನವರು ಮತ್ತೆ ಬರಲಿಲ್ಲ. ಪಾನ್ ಅಂಗಡಿಯವನ ಹತ್ತಿರ ಜಗಳಕ್ಕೆ ಹೋದರೆ, "ನಾ ಸುಳ್ಳ ಹೇಳೀನೇನ್ರಿ?" ಎಂದ. ಹೇಳಿರಲಿಲ್ಲ. ಸಮಾಜ ಹಚ್ಚಿದ ಹಣೆಪಟ್ಟಿ ಸುಲಭಕ್ಕೆ ಬಿಡುವುದಿಲ್ಲ ಎಂದು ಮರುದಿನ ಪಾಠ ಮಾಡುವಾಗ ನನ್ನ ಹಣೆಯನ್ನೇ ನಾಲ್ಕು ಸಲ ಒರೆಸಿಕೊಂಡೆ.

ಪೇಢೆ

ಮುಂದೆ ಟಿಕೋಟಾದ ದ್ರಾಕ್ಷಿ ತೋಟದವರು ಮೂವರು ಮನೆಗೇ ಬಂದರು. "ಕಳ್ಳರ ಸುದ್ದಿ ತಗದಿ ಅಂದ್ರ ನೋಡಲೇ," ಎಂದು ಅವ್ವ ತಾಕೀತು ಮಾಡಿದ್ದಳು. ಅವಲಕ್ಕಿ ತಿನ್ನುತ್ತಿದ್ದಾಗ ಬಾಗಿಲಲ್ಲಿ ಒಬ್ಬ ಪೇಢೆ ಹಿಡಿದು ನಿಂತ. ಜೈಲಿನಲ್ಲಿ ನಾನು ಮಾತಾಡಿಸಿದ್ದವನು, ಅಂದೇ ಬಿಡುಗಡೆಯಾಗಿದ್ದ. ಬಂದವನೇ ಕಾಲಿಗೆ ಬಿದ್ದ.

"ಸರ್, ಬೈಕ್ ಕದಿಯೂದ ಬಿಟ್ಟೇನ್ರಿ! ಸಹವಾಸದಿಂದ ಕೆಟ್ಟಿ ಅಂತ ನೀವ ತಿಳಿಸಿ ಹೇಳಿದ್ರಿ. ಇನ್ನ ಮ್ಯಾಲ ನಿಮ್ಮ ಸಹವಾಸಾನ ಮಾಡ್ತೀನ್ರಿ."

ಬೀಗರಾಗಬೇಕಿದ್ದ ಮೂವರೂ ಒಟ್ಟಿಗೆ ಕಿಸೆಯಲ್ಲಿ ಬೈಕಿನ ಕೀಲಿ ಮುಟ್ಟಿ ನೋಡಿಕೊಂಡರು. ಚಹಾಕ್ಕೂ ನಿಲ್ಲಲಿಲ್ಲ. ಒಬ್ಬ ಸುಧಾರಿಸಿದ್ದಕ್ಕೆ ಹಿಗ್ಗಬೇಕೋ, ಸಂಬಂಧ ಮುರಿದದ್ದಕ್ಕೆ ಅಳಬೇಕೋ ತಿಳಿಯದೆ ನಾನು ಪೇಢೆ ತಿಂದೆ.

ಬಬಲೇಶ್ವರದ ಆಯಿ

ಬಬಲೇಶ್ವರಕ್ಕೆ ಕನ್ಯಾ ನೋಡಲು ಹೋದಾಗ ಅವ್ವನಿಗೂ ನನಗೂ ಧೈರ್ಯ ಉಳಿದಿರಲಿಲ್ಲ. ಹುಡುಗಿ ಚಹಾ ಕೊಟ್ಟು ಕೂತಳು. ನೋಡಿದ ಕೂಡಲೇ ಮನಸ್ಸಿಗೆ ಬಂದಳು. ಪ್ರಶ್ನೆ ಕೇಳಿದ್ದು ಮಾತ್ರ ಅವಳ ಆಯಿ, ಅಂದರೆ ಅಜ್ಜಿ.

"ತಮ್ಮಾ, ಮಂದಿ ಯಾಕ ಕಳುವು ಮಾಡ್ತಾರ?"

ಅವ್ವ ನನ್ನ ಕಾಲು ತುಳಿದಳು. ನನ್ನ ಬಾಯಿ ನಿಲ್ಲಬೇಕಲ್ಲ!

"ಆಯಿ, ಸಮಾಜ ಆಸೆ ಹುಟ್ಟಸ್ತೈತಿ, ದಾರಿ ಕೊಡೂದಿಲ್ಲ. ಮನಿ, ಓಣಿ, ಗೆಳ್ಯಾರು ಎಲ್ಲಾ ಕಾರಣ ಆಗ್ತಾವ್ರಿ."

"ಅಂದ್ರ ತಪ್ಪ ಮಾಡಿದವರದ ತಪ್ಪಲ್ಲ?"

"ಪೂರ್ತಿ ಅವರದಲ್ರಿ."

ಹುಡುಗಿಯ ಅಪ್ಪ ಚಹಾದ ಕಪ್ಪು ಕೆಳಗಿಟ್ಟರು. ಇದೂ ಹೋಯಿತು ಎಂದು ನಾನು ವಾಪಸ್ ಬಸ್ಸು ಎಷ್ಟಕ್ಕೆ ಎಂದು ಯೋಚಿಸುತ್ತಿದ್ದೆ. ಅಜ್ಜಿ ಮಗನತ್ತ ತಿರುಗಿದಳು.

"ಕೊಡಲೇ ಕನ್ಯಾ! ನಮ್ಮ ಹುಡಿಗಿ ಏನ ತಪ್ಪ ಮಾಡಿದ್ರೂ ಇಂವಾ ಸಮಾಜಕ್ಕ ಬೈತಾನ, ಆಕಿಗೆ ಬೈಯಂಗಿಲ್ಲ. ಇಂಥಾ ಅಳಿಯಾ ಎಲ್ಲಿ ಸಿಗ್ತಾನ?"

ಮದುವೆಯಾಗಿ ಮೂರು ವರ್ಷ. ಯಾವ ಸಿದ್ಧಾಂತ ಗೆದ್ದಿತೋ ನನಗಿನ್ನೂ ಗೊತ್ತಾಗಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಹೆಂಡತಿ ಸಮಾಜವೇ ಕಾರಣ ಎನ್ನುತ್ತಾಳೆ, ಒಪ್ಪುತ್ತೇನೆ. ನಾನು ಸಂತೆಯಿಂದ ಬಲಿತ ಬೆಂಡೆಕಾಯಿ ತಂದ ದಿನ ಮಾತ್ರ ತಪ್ಪು ಪೂರ್ತಿ ನನ್ನೊಬ್ಬನದೇ.