ಲೆವ್ಕೋನ ಮೂರನೇ ಹೊಂಡ

ಹೆಬ್ಬಾತು ಗೂಡು ಕಟ್ಟಿದ್ದು ಬೇರೆಲ್ಲೂ ಅಲ್ಲ, ಮೂರನೇ ಹೊಂಡದ ಏರಿಯ ಮೇಲೆ, ನೀರು ಬಿಡುವ ಗೇಟಿನ ಬುಡದಲ್ಲೇ. ಅದೂ ನೀರು ಪರೀಕ್ಷಿಸುವ ಮೇಡಂ ಬರುವ ದಿನ!

ದೋಲಿನಾ ಊರಿನ ಬಚ್ಚಲು, ಪಾಯಿಖಾನೆಗಳ ನೀರೆಲ್ಲ ಗೋಧಿ ಹೊಲಗಳ ನಡುವಿನ ಈ ಲಗೂನಿಗೇ, ಅಂದರೆ ಕೊಳಕು ನೀರು ತಿಳಿಯಾಗುವ ಮೂರು ಹೊಂಡಗಳಿಗೇ ಬರಬೇಕು. ಮೊದಲ ಹೊಂಡದಲ್ಲಿ ಏನಿರುತ್ತದೆಂದು ಬಿಡಿಸಿ ಹೇಳುವುದು ಬೇಡ. ಎರಡನೆಯದರಲ್ಲಿ ಬಿಸಿಲು, ಗಾಳಿ, ಪಾಚಿ ಸೇರಿಕೊಂಡು ಅದಕ್ಕೆ ಬುದ್ಧಿ ಕಲಿಸುತ್ತವೆ. ಮೂರನೆಯದಕ್ಕೆ ಬರುವಷ್ಟರಲ್ಲಿ ನೀರು ಹೆಣ್ಣು ನೋಡಲು ಹೊರಟ ಹುಡುಗನಂತೆ ಚೊಕ್ಕಟ. ಲಗೂನು ನೋಡಿಕೊಳ್ಳುವ ಲೆವ್ಕೋಗೆ ಮಕ್ಕಳ ಹೆಸರು ಮರೆತರೂ ಆ ನೀರಿನ ಬಣ್ಣ ಮರೆಯದು. ಆದರೂ ‘ಉತ್ತಮ ಲಗೂನು’ ಫಲಕ ವರ್ಷ ವರ್ಷವೂ ಪಕ್ಕದ ಬ್ರಿಕ್‌ಮೋರ್ ಊರಿಗೇ. ಅವರಿಗಿರುವುದು ಒಂದೇ ಹೊಂಡ. ಸುತ್ತ ಬಿಳಿ ಬೇಲಿ, ಹೂಕುಂಡ, ಅಷ್ಟೆ.

“ಈ ಸಲ ಫಲಕ ಬರದಿದ್ರೆ ಗೇಟಿನ ಬೀಗದಕೈ ಬಿಸಾಕ್ತೀನಿ,” ಎಂದು ಲೆವ್ಕೋ ಕಾಫಿ ಅಂಗಡಿಯಲ್ಲಿ ಎಲ್ಲರೆದುರು ಹೇಳಿಬಿಟ್ಟಿದ್ದ.

ಈಗ ಗೇಟು ತೆರೆದು, ಫಲಕ ಯಾರಿಗೆಂದು ತೀರ್ಮಾನಿಸುವ ಮೇಡಂಗೆ ಒಂದು ಶೀಶೆ ನೀರು ಹಿಡಿದುಕೊಡಬೇಕು. ಮೊಟ್ಟೆಯ ಮೇಲೆ ಕೂತ ಹೆಬ್ಬಾತನ್ನು ಮುಟ್ಟಿದರೆ ಕಾನೂನು ಕಚ್ಚುತ್ತದೆ. ಮುಟ್ಟದೆ ಹತ್ತಿರ ಹೋದರೆ ಹೆಬ್ಬಾತೇ ಕಚ್ಚುತ್ತದೆ.

ಊರಿಗೆ ಊರೇ ಸಲಹೆ ಹೊತ್ತು ಬಂತು.

“ಪಾಪ, ಬಾಣಂತಿ ಕಣೋ, ಹಸಿದಿರುತ್ತೆ,” ಎಂದು ಪಾರಸ್ಕಾ ಅಜ್ಜಿ ಬೆಣ್ಣೆಯಲ್ಲಿ ಹೊರಳಿಸಿದ ಪಿರೋಹಿ, ಅಂದರೆ ಆಲೂಗಡ್ಡೆ ಕಡುಬು ಎಸೆದಳು. ಹೆಬ್ಬಾತು ತಿಂದಿತು. ಕತ್ತೆತ್ತಿ ಕೂಗಿ ಗಂಡನನ್ನೂ ಊಟಕ್ಕೆ ಕರೆಯಿತು. ಈಗ ಕಾವಲಿಗೆ ಇಬ್ಬರು.

“ಇದಕ್ಕೆಲ್ಲ ನಾನೇ ಬರ್ಬೇಕು,” ಎಂದು ಬಂದವನು ಮಿಟ್ರೋ. ಐಸ್ ಹಾಕಿಯಲ್ಲಿ ಊರಿನ ಹಳೇ ಗೋಲ್‌ಕೀಪರ್. ತನ್ನ ಕಾಲುಪಟ್ಟಿ, ಎದೆಗವಚ, ಮುಖವಾಡ ಎಲ್ಲವನ್ನೂ ಲೆವ್ಕೋಗೆ ಬಿಗಿದ. “ಹಾಕಿ ಬಿಲ್ಲೆಯೇ ನುಗ್ಗಿಲ್ಲ, ಹೆಬ್ಬಾತು ನುಗ್ಗುತ್ತಾ? ನಡಿ!”

ಲೆವ್ಕೋ ಸೋಫಾಕ್ಕೆ ಕಾಲು ಬಂದಂತೆ ಏರಿಯ ಮೇಲೆ ನಡೆದ. ಹೆಬ್ಬಾತು ಎದುರಿನಿಂದ ಬಂತು, ಅದರ ಗಂಡ ಹಿಂದಿನಿಂದ. ಫ್ರಿಜ್ಜು ಉರುಳಿದಂತೆ ಲೆವ್ಕೋ ಮೂರನೇ ಹೊಂಡಕ್ಕೆ ಬಿದ್ದ. ಅಟ್ಟಿಸಿಕೊಂಡು ಹೋಗಲು ಹೆಬ್ಬಾತುಗಳಿಗೆ ಮಿಟ್ರೋ ಸಿಕ್ಕ.

ಅಷ್ಟರಲ್ಲಿ ಮೇಡಂ ಕಾರಿನಿಂದಿಳಿದರು. “ಯಾರ್ರೀ ಅದು? ನೀರಲ್ಲಿ ಏನ್ಮಾಡ್ತಿದೀರಿ?”

ಮಂಜುಗಡ್ಡೆ ಈಚೆಗಷ್ಟೇ ಕರಗಿದ ನೀರು. ಲೆವ್ಕೋನ ಹಲ್ಲು ಹೊಲಿಗೆ ಯಂತ್ರದಂತೆ ಕಟಕಟ. ಆದರೂ ಎದೆಮಟ್ಟದ ನೀರಲ್ಲಿ ನೆಟ್ಟಗೆ ನಿಂತ.

“ಸ್ನಾನ ಮೇಡಂ! ನಮ್ಮ ನೀರಿಗೆ ಶೀಶೆ ಯಾಕೆ? ಮೈಯನ್ನೇ ಒಡ್ಡಿದೀನಿ!”

“ದಿನಾ ಇಲ್ಲೇ ಇವನ ಸ್ನಾನ!” ಅಜ್ಜಿ ಒಗ್ಗರಣೆ ಹಾಕಿದಳು.

ಹೆಬ್ಬಾತು ಬಿಟ್ಟುಹೋದ ಗೇಟಿಗೆ ಮೇಡಂ ತಾವೇ ಹೋಗಿ ಶೀಶೆ ತುಂಬಿ ಬಿಸಿಲಿಗೆ ಹಿಡಿದರು. ಆಚೆಯ ಗೋಧಿ ಹೊಲ ತಿಳಿಯಾಗಿ ಕಂಡಿತು. ಅವರ ಕಣ್ಣು ತುಂಬಿತು. “ತಮ್ಮ ಹೊಂಡವನ್ನ ಇಷ್ಟು ನಂಬಿದವರನ್ನ ನಾನು ಕಂಡಿಲ್ಲ,” ಎಂದು ಕಾರಿನಿಂದ ಫಲಕ ತಂದು ಅವನ ಒದ್ದೆ ಕೈಗಿಟ್ಟರು. ಊರವರು ನಿಲ್ಲಿಸಿದ್ದ ಟ್ರಕ್ಕುಗಳ ಹಾರ್ನ್ ಮೊಳಗಿತು. ಲೆವ್ಕೋನ ಎದೆ ಕವಚ ಒಡೆಯುವಷ್ಟು ಉಬ್ಬಿತು. ದೋಲಿನಾದ ನೀರು, ದೋಲಿನಾದ ಫಲಕ!

ಮೇಡಂ ಬ್ರಿಕ್‌ಮೋರ್‌ಗೆ ಫೋನಿನಲ್ಲಿ ಸುದ್ದಿ ಹೇಳಿದರು. ಆ ಕಡೆಯಿಂದ ಗಲಾಟೆ. ಕೊನೆಗೆ ಮೇಡಂ ಮೆಲ್ಲಗೆ ಲೆವ್ಕೋನ ಕೈಯಿಂದ ಫಲಕವನ್ನು ವಾಪಸ್ ತೆಗೆದುಕೊಂಡರು.

“ಅವರು ಕೇಳೋದೂ ನ್ಯಾಯವೇ. ನಮ್ಮ ಲಗೂನಲ್ಲೂ ಅವನೇ ಇಳಿದು ನೋಡಿ ಹೇಳ್ಲಿ, ಆಮೇಲೆ ಫಲಕ ಕೊಡಿ ಅಂತಿದಾರೆ. ಬನ್ನಿ, ಕಾರು ಹತ್ತಿ.” ಸೀಟಿನ ಮೇಲೆ ಆಗಲೇ ಪ್ಲಾಸ್ಟಿಕ್ ಹಾಳೆ ಹಾಸಿದ್ದರು.

ಲೆವ್ಕೋನ ಮುಖ ಪಾಚಿಯ ಬಣ್ಣಕ್ಕೆ ತಿರುಗಿತು. “ಅಜ್ಜೀ, ಅವರಿಗಿರೋದು ಒಂದೇ ಹೊಂಡ!”

“ಗೊತ್ತಿಲ್ವೇನೋ? ಅದಕ್ಕೇ ಗೆಲ್ಲೋದು ನಾವೇ!” ಅಜ್ಜಿ ಹೆಮ್ಮೆಯಿಂದ ಅವನನ್ನು ಕಾರಿನೊಳಕ್ಕೆ ನೂಕಿದಳು. “ಕರ್ಕೊಂಡ್ ಹೋಗಿ ಮೇಡಂ. ದಿನಾ ಇಳಿಯೋನಿಗೆ ಇದೇನ್ ಮಹಾ!”