ಬಿಜಲಿಯ ಜಾವಳ

ನಮ್ಮ ಅಕ್ಕನ ಗಂಡ ಕುದುರೆ ಸಾಕಿದ್ದು ನಡೆಯುವುದಕ್ಕಾಗಿ. ಹೌದು, ನೀವು ಸರಿಯಾಗಿಯೇ ಓದಿದಿರಿ. ಮಸ್ಕಿಯಲ್ಲಿ ಭಾವನ ಬಟ್ಟೆ ಅಂಗಡಿ. ಸಿಂಧನೂರಿನ ಸಂತೆಗೆ ಹೊರಟರೆಂದರೆ ಮುಂದೆ ಭಾವ, ಹಿಂದೆ ಕುದುರೆ. ಬಟ್ಟೆಯ ಗಂಟು ಭಾವನ ಹೆಗಲ ಮೇಲೆ. ಹಾಗಾದರೆ ಕುದುರೆಯ ಬೆನ್ನ ಮೇಲೆ? ಅದು ದಾರಿಯಲ್ಲಿ ಕುಡಿಯುವ ನೀರಿನ ಡಬ್ಬಿ!

"ಕುದುರಿ ಐತಲ್ರೀ ಸಾವ್ಕಾರ, ಹತ್ತಬಾರದ?" ಎಂದು ಎದುರು ಬಂದವರು ಕೇಳುತ್ತಿದ್ದರು.

"ಹತ್ತಬಹುದು. ಆಕಿ ಒಪ್ಪಬೇಕಲ್ಲ," ಎನ್ನುತ್ತಿದ್ದರು ಭಾವ.

ಆಕೆಯ ಹೆಸರು ಬಿಜಲಿ. ಭಾವ ಮದುಮಗನಾಗಿ ಮೆರವಣಿಗೆಯಲ್ಲಿ ಬಂದದ್ದು ಇದೇ ಹೆಣ್ಣುಗುದುರೆಯ ಮೇಲೆ. ಬಾಡಿಗೆಯ ಕುದುರೆ. ಇಳಿದ ಮೇಲೆ ವಾಪಸು ಕೊಡುವುದಕ್ಕೆ ಮನಸ್ಸಾಗದೆ ಕೊಂಡೇಬಿಟ್ಟರು. "ಮದುವ್ಯಾಗ ನನ್ನ ಕರಕೊಂಡು ಹೋಗೂದು ಮರತಿದ್ರು, ಕುದುರಿ ಮರೀಲಿಲ್ಲ," ಎಂದು ಅಕ್ಕ ಬಂದವರಿಗೆಲ್ಲ ಹೇಳುತ್ತಿದ್ದಳು. ಬಿಜಲಿ ಬಿಳಿಯಳೆಂದು ನನ್ನ ನೆನಪು. ಬೂದು ಬಣ್ಣದವಳೆಂದು ಅಕ್ಕನ ವಾದ. ನನ್ನ ನೆನಪನ್ನು ನಾನೇ ಪೂರ್ತಿ ನಂಬದವನು. ನೀವೂ ನಂಬಬೇಕಾಗಿಲ್ಲ.

ಅದು ಮೊದಲ ಚುನಾವಣೆಯಾದ ಬೇಸಿಗೆಯೋ ಅದರ ಮುಂದಿನದೋ. ನಾನು ಹೈದರಾಬಾದಿನಲ್ಲಿ ಬಿ.ಎಸ್ಸಿ. ಮುಗಿಸಿ, ಕೆಲಸವಿಲ್ಲದೆ, ಎಲ್ಲದಕ್ಕೂ ಪುರಾವೆ ಕೇಳುತ್ತ ಅಕ್ಕನ ಮನೆಯಲ್ಲಿ ತಿರುಗುತ್ತಿದ್ದೆ. ಮಕ್ಕಳಿಲ್ಲದ ಮನೆ. ಆಗ ಇರಲಿಲ್ಲ ಎನ್ನಬೇಕು. ಇದ್ದದ್ದು ಬಿಜಲಿ ಮತ್ತು ಅವಳ ಕೂದಲು.

ಚಳಿಗಾಲದಲ್ಲಿ ಬೆಳೆದ ಕೂದಲು ಬಿಸಿಲು ಏರಿದ ಹಾಗೆ ಉದುರಬೇಕಲ್ಲವೆ? ಊರಿನ ಉಳಿದ ಕುದುರೆಗಳದು ಉದುರಿತು. ಇವಳದು ಮಾತ್ರ ಗುಂಗುರುಗುಂಗುರಾಗಿ ಇನ್ನೂ ಬೆಳೆಯಿತು. ಮಸ್ಕಿಯ ಬಿಸಿಲಿನಲ್ಲಿ ಮನುಷ್ಯರೇ ಚರ್ಮ ಕಳಚಿಡುವಂತಿದ್ದಾಗ ಈಕೆ ಕಂಬಳಿ ಹೊದ್ದು ನಿಂತಿದ್ದಳು. ಮೈಯೆಲ್ಲ ಬೆವರು. ಬಾನಿಯಲ್ಲಿ ನೀರು ತುಂಬಿಟ್ಟು ತಿರುಗಿದರೆ ಬಾನಿ ಖಾಲಿ. ಕುಡಿದದ್ದೆಲ್ಲ ಹೊರಗೆ ಬಂದು ಕೊಟ್ಟಿಗೆ ಗದ್ದೆಯಾಗಿತ್ತು. "ಇನ್ನ ತುಂಗಭದ್ರಾ ಕಾಲುವಿ ಯಾಕ ಬೇಕು? ಇಲ್ಲೇ ಭತ್ತ ಹಚ್ಚರಿ," ಎಂದಳು ಅಕ್ಕ.

ಆದರೆ ಬಿಜಲಿಯ ಬೆನ್ನು ಸವೆಯುತ್ತಿತ್ತು, ಹೊಟ್ಟೆ ಜೋತುಬೀಳುತ್ತಿತ್ತು. ಗೊರಸು ನೋಯುತ್ತಿತ್ತೇನೋ, ಮುಂಗಾಲು ಚಾಚಿ ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಲ್ಲುತ್ತಿದ್ದಳು. ಸಿಂಧನೂರಿನ ಸಂತೆ ನಿಂತುಹೋಯಿತು. ಭಾವ ಅಂಗಡಿಯನ್ನೂ ಮರೆತು ಒದ್ದೆ ಗೋಣಿಚೀಲ ಹಿಡಿದು ಅವಳ ಪಕ್ಕದಲ್ಲೇ ಕೂತರು. ನಾನು ಗಳಿಗೆಗೊಮ್ಮೆ ಹೋಗಿ ಪಕ್ಕೆ ಏರಿಳಿಯುತ್ತಿದೆಯೇ ಎಂದು ನೋಡಿ ಬರುತ್ತಿದ್ದೆ. ಪ್ರಾಣಿಶಾಸ್ತ್ರ ಓದಿದವನಲ್ಲವೆ ನಾನು? ಕಪ್ಪೆ ಕೊಯ್ದಿದ್ದೆ, ಜಿರಳೆ ಕೊಯ್ದಿದ್ದೆ. ಕುದುರೆ ಪರೀಕ್ಷೆಗೆ ಇರಲಿಲ್ಲ.

ಕೊನೆಗೆ ಲಿಂಗಸುಗೂರಿಗೆ ಹೋಗಿ ದನದ ಡಾಕ್ಟರನ್ನು ಬಸ್ಸಿನಲ್ಲಿ ಕರೆತಂದೆ. ಅವರು ಬಾಯಿ ನೋಡಿದರು, ಕಾಲು ನೋಡಿದರು, ಕೂದಲು ಹಿಡಿದೆಳೆದು ಅಚ್ಚರಿಪಟ್ಟರು.

"ಭಾಳ ವಯಸ್ಸಾಗೇತ್ರೀ. ಈ ಬ್ಯಾಸಗಿ ದಾಟೂದು ಕಷ್ಟ ಐತಿ. ಒಮ್ಮೆ ಬಿದ್ದರ ಏಳೂದಿಲ್ಲ. ಬಿದ್ದರ ಸುಮ್ನ ನರಳಸಬ್ಯಾಡ್ರಿ, ಹೇಳಿ ಕಳಸ್ರಿ. ಬಂದು ಮುಗಸಿ ಹೋಗ್ತೀನಿ."

ಅವರು ಬಸ್ಸು ಹತ್ತಿದ ಮೇಲೆ ಭಾವ ನನ್ನ ಕಡೆ ತಿರುಗಿ, "ಆ ಡಾಕ್ಟರಿಗೆ ಅವ್ವ ಅದಾಳೇನು?" ಎಂದರು.

"ಗೊತ್ತಿಲ್ರಿ. ಯಾಕ?"

"ಆಕೀಗೂ ವಯಸ್ಸಾಗಿರತೈತಿ. ಕೇಳಬೇಕಿತ್ತು."

ಮಿದುಳಿನ ಕೆಳಗೆ ಪಿಟ್ಯುಟರಿ ಎಂಬ ಸಣ್ಣ ಗ್ರಂಥಿಯಿದೆ, ಮುಪ್ಪಿನ ಕುದುರೆಗಳಲ್ಲಿ ಅದು ಲಗಾಮು ತಪ್ಪಿ ಬೇಡದ ರಸವನ್ನೆಲ್ಲ ರಕ್ತಕ್ಕೆ ಬಿಡುತ್ತದೆ, ಆಗ ಕೂದಲು ಉದುರುವುದಿಲ್ಲ, ದಾಹ ತೀರುವುದಿಲ್ಲ, ಗೊರಸು ಕೆಡುತ್ತದೆ ಎಂದು ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ. ಆಗಲೇ ಗೊತ್ತಿದ್ದರೂ ಮಸ್ಕಿಯಲ್ಲಿ ಕೂತು ಏನು ಮಾಡುತ್ತಿದ್ದೆ?

ಭಾವನಿಗೆ ಗ್ರಂಥಿಯ ಗೊಡವೆ ಬೇಕಾಗಲಿಲ್ಲ. ಮರುದಿನ ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತ ಕಾರಣವನ್ನು ಹೇಳಿಯೇಬಿಟ್ಟರು.

"ಬಿಜಲೀದು ಜಾವಳ ಆಗಿಲ್ಲ. ಹುಟ್ಟುಗೂದಲ ದೇವರಿಗೆ ಕೊಡದ ಹಂಗ ಇಟಗೊಂಡಾಳ. ಅದಕ್ಕ ಉದರವಲ್ದು."

ಅಕ್ಕ ಸಾರಿನ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಎದ್ದು ಒಳಗೆ ಹೋದಳು. ಸಿಟ್ಟು ಬಂದಿದೆ ಎಂದುಕೊಂಡೆ.

"ಭಾವಾರ, ಜಾವಳ ಕೂಸುಗಳಿಗೆ ಮಾಡ್ತಾರ," ಎಂದೆ.

"ಈಕಿ ಏನು? ಮನೀ ಮಗಳು."

"ಮುದುಕಿ ಆಗ್ಯಾಳ್ರೀ."

"ತಡಾ ಆಗೇತಿ, ನಾ ಇಲ್ಲ ಅನ್ನೂದಿಲ್ಲ."

ಜಾವಳವೆಂದ ಮೇಲೆ ಮೊದಲ ಕತ್ತರಿ ಹಾಕುವವನು ಸೋದರಮಾವ. ಮನೆಯ ಮಗಳಿಗೆ ಸೋದರಮಾವ ಯಾರು? ಅಕ್ಕನ ತಮ್ಮ. ಅಕ್ಕನಿಗೆ ಇದ್ದ ತಮ್ಮ ಒಬ್ಬನೇ, ಅವನು ಆಗ ಎದುರಿಗೇ ಕೂತು ಚಟ್ನಿ ಕಲಸುತ್ತಿದ್ದ.

"ನಾ ವಿಜ್ಞಾನ ಓದೀನ್ರೀ," ಎಂದೆ.

"ಓದು. ಯಾರು ಬ್ಯಾಡ ಅಂದಾರ? ಕತ್ತರಿ ಹಿಡ್ಯಾಕ ಬರತೈತಿಲ್ಲ?"

ಅಂದೇ ಮಧ್ಯಾಹ್ನ ಬಿಜಲಿಯ ಮುಂಗಾಲು ಕುಸಿದವು. ಒಮ್ಮೆ ಬಿದ್ದರೆ ಏಳುವುದಿಲ್ಲ ಎಂದ ಮಾತು ನನ್ನ ಕಿವಿಯಲ್ಲೇ ಇತ್ತು. ಭಾವ ಅವಳ ಎದೆಗೆ ಹೆಗಲು ಕೊಟ್ಟರು. ನಾನೂ ಕೊಟ್ಟೆ. ಹೇಗೋ ಎದ್ದಳು, ಆದರೆ ನಾಲಿಗೆ ಹೊರಗೆ ಬಂದಿತ್ತು. "ಡಾಕ್ಟರಿಗೆ..." ಎಂದು ಬಾಯಿ ತೆರೆದೆ.

"ಮುಂಜಾನಿ ಜಾವಳ. ಆಮ್ಯಾಲ ಡಾಕ್ಟರು," ಎಂದರು ಭಾವ. ಒದ್ದೆ ಗೋಣಿಚೀಲವನ್ನು ಅವಳ ಬೆನ್ನಿಗೆ ಹೊದಿಸಿ ಮತ್ತೆ ಪಕ್ಕದಲ್ಲೇ ಕೂತರು. ನನಗೆ ಈಗ ಕುದುರೆಗಿಂತ ಅವರ ಚಿಂತೆ ಹತ್ತಿತು. ಇವಳು ಹೋದರೆ ಈ ಮನುಷ್ಯ ಯಾರ ಜೊತೆ ನಡೆದಾನು?

ಬೆಳಗ್ಗೆ ಅಂಗಳದಲ್ಲಿ ಬಿಜಲಿಯ ಹಣೆಗೆ ವಿಭೂತಿ ಹಚ್ಚಿದರು. ಕೂದಲು ತೆಗೆಯಲು ಕ್ಷೌರದವನನ್ನು ಕರೆದಿದ್ದರಂತೆ. ಅವನು ಕುದುರೆಯನ್ನು ಉದ್ದಕ್ಕೂ ನೋಡಿ, "ಎಲ್ಲಿಂದ ಸುರು ಮಾಡ್ಲಿ, ಎಲ್ಲಿ ಮುಗಿಸ್ಲಿ ಸಾವ್ಕಾರ?" ಎಂದು ಕೇಳಿ ವಾಪಸು ಹೋದನಂತೆ. ಹಾಗಾಗಿ ಕುರಿಯ ಉಣ್ಣೆ ಕತ್ತರಿಸುವ ಕುರುಬ ಬಂದಿದ್ದ. ಎಲ್ಲರೂ ನನ್ನ ಕಡೆ ನೋಡಿದರು. ಪುರಾವೆ ಕೇಳುವ ನಾನು ಕತ್ತರಿ ಹಿಡಿದು ಬಿಜಲಿಯ ಹಣೆಯ ಗುಂಗುರನ್ನು ಎತ್ತಿದೆ.

"ತಡಿ."

ಅಕ್ಕ ಬಾಗಿಲಲ್ಲಿದ್ದಳು. ಬಯ್ಯಲು ಬಂದಳೆಂದು ನಾನು ಕತ್ತರಿ ಇಳಿಸಿದೆ. ಅವಳು ನೇರ ಬಂದು ಕುದುರೆಯ ಮುಖದ ಕೆಳಗೆ ಸೆರಗು ಒಡ್ಡಿದಳು.

"ನೆಲಕ್ಕ ಬೀಳಬಾರದು," ಎಂದಳು. "ಹಾಂ, ಈಗ ಹಾಕು."

ಕತ್ತರಿಸಿದೆ. ಕೂದಲು ಅವಳ ಸೆರಗಿಗೆ ಬಿತ್ತು. ಉಳಿದದ್ದನ್ನು ಕುರುಬ ತೆಗೆದ. ಬೋಳು ಮೈಗೆ ಗಾಳಿ ತಾಕಿದೊಡನೆ ಬಿಜಲಿ ಉದ್ದವಾಗಿ ಉಸಿರುಬಿಟ್ಟು, ಬಾನಿಯನ್ನು ಬಿಟ್ಟು ಹುಲ್ಲಿಗೆ ಬಾಯಿ ಹಾಕಿದಳು. ಹೊದ್ದ ಕಂಬಳಿ ತೆಗೆದರೆ ಯಾರಿಗಾದರೂ ತಂಪಾಗುತ್ತದೆ, ಇದರಲ್ಲಿ ಜಾವಳದ ಮಹಿಮೆ ಏನೂ ಇಲ್ಲ ಎಂದು ನಾನು ಹೇಳಲಿದ್ದೆ. ಹೇಳಲಿಲ್ಲ. ಆ ಬೇಸಿಗೆಯನ್ನು ಅವಳು ದಾಟಿದಳು, ಡಾಕ್ಟರಿಗೆ ಹೇಳಿಕಳಿಸುವ ಪ್ರಸಂಗ ಬರಲಿಲ್ಲ.

ಆದರೆ ನಾನು ಹೇಳಹೊರಟದ್ದು ಅದಲ್ಲ. ಜಾವಳ ಮುಗಿದ ಮೇಲೆ ಅಕ್ಕ ಸೊಂಟದಿಂದ ಒಂದು ಸಣ್ಣ ಕುಲಾವಿ ತೆಗೆದಳು. ಹಿಂದೊಮ್ಮೆ ಅಂಬೆಗಾಲಿಡುತ್ತಿದ್ದ ಅವಳ ಮಗ, ಅವನ ಜಾವಳಕ್ಕೆ ದಿನ ಗೊತ್ತುಮಾಡಿದ ಮೇಲೆ, ಜ್ವರ ಬಂದು ತೀರಿಹೋಗಿದ್ದ. ಅವನ ಬೋಳುತಲೆಗೆಂದು ಅವಳೇ ಹೊಲಿದಿಟ್ಟ ಟೊಪ್ಪಿಗೆ ಅದು. ಅಷ್ಟು ದೊಡ್ಡ ತಲೆಗೆ ಅದು ಹೇಗಾದೀತು? ಅಕ್ಕ ಒಂದು ಗಳಿಗೆ ಯೋಚಿಸಿ, ಬಿಜಲಿಯ ಎಡಗಿವಿಗೆ ತೊಡಿಸಿದಳು. ಸರಿಯಾಗಿ ಕೂತಿತು.

ಭಾವ ಗೋಡೆಯ ಕಡೆ ತಿರುಗಿ ನಿಂತರು.

ಕುಲಾವಿ ಕೆಂಪಿತ್ತೋ ಹಸಿರಿತ್ತೋ, ನನಗೆ ಈಗ ಖಾತ್ರಿಯಿಲ್ಲ. ಎಡಗಿವಿಯೋ ಬಲಗಿವಿಯೋ, ಅದೂ ಇರಲಿ. ಒಂದು ನೊಣ ಕೂತರೂ ಕಿವಿ ಝಾಡಿಸುತ್ತಿದ್ದ ಬಿಜಲಿ, ಅಕ್ಕ ತಾನಾಗಿ ತೆಗೆಯುವವರೆಗೆ ಆ ಕಿವಿಯನ್ನು ಅಲುಗಿಸಲಿಲ್ಲ. ಇದೊಂದಕ್ಕೆ ನನ್ನನ್ನು ಯಾರೂ ಪುರಾವೆ ಕೇಳಬೇಡಿ.