ಪುಕ್ಕಟೆ ಕೊಟ್ಟರೂ ಒಲ್ಲದ ಮನೆ

ನಾನು ಚೆನ್ನಾಗಿ ಮಾತಾಡುತ್ತೇನೆ ಎಂಬ ವಿಷಯದಲ್ಲಿ ಆ ದಿನದವರೆಗೆ ನನಗೆ ಯಾವ ಅನುಮಾನವೂ ಇರಲಿಲ್ಲ. ನಮ್ಮ ಕಾರ್ಖಾನೆಯಲ್ಲಿ ಯಾರೇ ನಿವೃತ್ತರಾಗಲಿ, ವಂದನಾರ್ಪಣೆ ನನ್ನದೇ. ಕನ್ನಡದವರಿಗೆ ಕನ್ನಡದಲ್ಲಿ, ತೆಲುಗರಿಗೆ ತೆಲುಗಿನಲ್ಲಿ, ದೊಡ್ಡ ಸಾಹೇಬರಿಗೆ ಹಿಂದಿಯಲ್ಲಿ. ಮೂರರಲ್ಲೂ ಜನ ಕಣ್ಣೊರೆಸಿಕೊಂಡದ್ದುಂಟು. ಅದು ಆಕಳಿಕೆಯ ಕಣ್ಣೀರು ಎಂಬುದು ನನ್ನ ಹೆಂಡತಿ ಶಾಂತಾಳ ಅಭಿಪ್ರಾಯ. ಹೀಗಿರುವಾಗ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ತರಕಾರಿ ಚೀಲ ಹಿಡಿದು ಮನೆಗೆ ಬರುತ್ತಿದ್ದ ನನ್ನ ಮೂತಿಗೆ ಟೀವಿಯವರು ಮೈಕು ಹಿಡಿದಾಗ, 'ಇಷ್ಟು ತಡ ಯಾಕೆ ಮಾಡಿದರು?' ಎಂದಷ್ಟೇ ನನಗೆ ಅನಿಸಿತು.

ರಾಜ್ಯ ಒಂದಾಗಿ ಉಳಿಯುತ್ತದೋ ಎರಡಾಗುತ್ತದೋ ಎಂದು ಊರೆಲ್ಲ ಉಸಿರು ಹಿಡಿದಿದ್ದ ದಿನಗಳು ಅವು. ಹಗಲಿಗೆ ಬಂದ್, ಸಂಜೆಗೆ ಟೀವಿಯಲ್ಲಿ ಬಂದ್‌ನ ಚರ್ಚೆ. ನಡುವೆ ಬಿಡುವು ಸಿಕ್ಕರೆ ಮನೆಗಳ ಸುದ್ದಿ. ಹೈದರಾಬಾದಿನ ಮನೆಗಳ ಬೆಲೆ ಬಿದ್ದಿದೆ, ಬೀಳುತ್ತಿದೆ, ಬೀಳಲಿದೆ ಎಂದು ಚಾನೆಲ್‌ಗಳು ಮೂರೂ ಕಾಲಗಳಲ್ಲಿ ಕೂಗುತ್ತಿದ್ದವು.

"ಸಾರ್, ಒಕ್ಕ ನಿಮಿಷಂ ಸಾರ್! ಸ್ವಂತ ಫ್ಲ್ಯಾಟಾ? ಹೇಗಿದೆ ನಿಮ್ಮ ಮನೆ?" ಎಂದು ವರದಿಗಾರ ತೆಲುಗಿನಲ್ಲಿ ಕೇಳಿದ.

ಇಲ್ಲಿ ನಮ್ಮ ಬೀದರ-ಗದಗ ಕಡೆಯ ಒಂದು ರಿವಾಜನ್ನು ಹೇಳಬೇಕು. ನಮ್ಮಲ್ಲಿ ಯಾರೂ ತಮ್ಮದನ್ನು ತಾವು ಹೊಗಳಿಕೊಳ್ಳುವುದಿಲ್ಲ. ಅದು ಸಭ್ಯತೆಯಲ್ಲ, ಮೇಲಾಗಿ ದೃಷ್ಟಿ ತಾಗುತ್ತದೆ. ಅತಿಥಿ ನಾಲ್ಕನೆಯ ಹೋಳಿಗೆಗೆ ಕೈಹಾಕಿದಾಗಲೂ ಮನೆಯಾಕೆ "ಇವತ್ತ ಹೋಳಗಿ ಬರೋಬ್ಬರಿ ಆಗಿಲ್ಲರಿ" ಎನ್ನಬೇಕು. ಮನೆ ಹೇಗಿದೆ ಎಂದು ಕೇಳಿದರೆ "ನಮ್ಮದೇನ್ ಮನೀರಿ, ನಾಕ ಗ್ವಾಡಿ" ಎನ್ನಬೇಕು. ಕೇಳಿದವರು ಕೂಡಲೇ "ಛೇ ಛೇ, ಹಂಗ್ಯಾಕಂತೀರಿ, ಅರಮನಿ ಇದ್ದಂಗ ಐತಿ!" ಎನ್ನಬೇಕು. ಇಬ್ಬರೂ ತಮ್ಮ ತಮ್ಮ ಮಾತು ಆಡಿದ ಮೇಲೆಯೇ ವ್ಯವಹಾರ ಪೂರ್ತಿಯಾಗುವುದು.

ನಾನು ನನ್ನ ಪಾಲಿನದನ್ನು ಆಡಿದೆ. ನನ್ನ ಅತ್ಯುತ್ತಮ ತೆಲುಗಿನಲ್ಲಿ, ತಲೆ ತುಸು ಬಾಗಿಸಿ, "ನಮ್ಮದೇನು ಮನೆ ಸ್ವಾಮಿ, ನಾಲ್ಕು ಗೋಡೆ. ಯಾರಿಗೆ ಬೇಕು? ಪುಕ್ಕಟೆ ಕೊಟ್ಟರೂ ಯಾರೂ ತಗೊಳ್ಳಲಿಕ್ಕಿಲ್ಲ" ಎಂದೆ. ಎಂದು, ನಗುತ್ತಾ ಕಾದೆ.

ಛೇ ಛೇ ಬರಲಿಲ್ಲ. ಮೈಕು ಹೊರಟುಹೋಯಿತು! ಮೆಟ್ರೋ ಕಂಬಕ್ಕೆ ಅಗೆದ ರಸ್ತೆಯ ಧೂಳು ಕಣ್ಣಿಗೆ ಬಿದ್ದು ನಾನು ಕರವಸ್ತ್ರ ತೆಗೆದೆ. ಕ್ಯಾಮೆರಾ ಮಾತ್ರ ಇನ್ನೂ ನನ್ನ ಮೇಲೇ ಇತ್ತು.

ಸಂಜೆ ಟೀವಿಯಲ್ಲಿ ಬಂತು ನೋಡಿ. ನಾನು ಕಣ್ಣೊರೆಸಿಕೊಳ್ಳುತ್ತಿದ್ದೇನೆ, ನಿಧಾನಗತಿಯಲ್ಲಿ. ಕರವಸ್ತ್ರದ ಸುತ್ತ ಕೆಂಪು ವೃತ್ತ. ಹಿಂದೆ ಪಿಟೀಲು. ಕೆಳಗೆ ಓಡುವ ಪಟ್ಟಿಯಲ್ಲಿ, ಪುಕ್ಕಟೆ ಕೊಟ್ಟರೂ ಕೊಳ್ಳುವವರಿಲ್ಲ, ಮನೆ ಮಾಲೀಕರ ಕಣ್ಣೀರು! ಅರ್ಧ ಗಂಟೆಗೊಮ್ಮೆ ನಾನು ಅತ್ತೆ. ಆ ತುಣುಕನ್ನು ಅದೆಷ್ಟು ಸಲ ನೋಡಿದೆನೆಂದರೆ, ಈಗ ನನಗೆ ನೆನಪಿರುವುದು ರಸ್ತೆಯಲ್ಲ, ಟೀವಿ. ನೆನಪಿನಲ್ಲೂ ನನ್ನ ಹೊಟ್ಟೆಯ ಮೇಲೆ ಆ ಪಟ್ಟಿ ಓಡುತ್ತದೆ. ನಾನು ನಕ್ಕಿದ್ದೆ ಎಂದು ಮೇಲೆ ಬರೆದೆನಲ್ಲ, ಅದಕ್ಕೆ ನನ್ನ ಹತ್ತಿರ ಯಾವ ಪುರಾವೆಯೂ ಇಲ್ಲ.

ಮೊದಲ ದಿನ ನನಗೆ ನಾಚಿಕೆಯಾಗಲಿಲ್ಲ. ಸಂಭ್ರಮವಾಯಿತು! ಬೀದರಿನಿಂದ ಗದಗದವರೆಗೆ ಫೋನು ಮಾಡಿ "ನೋಡ್ರಿ, ನೋಡ್ರಿ" ಎಂದೆ. ನಮ್ಮ ಬಿಲ್ಡಿಂಗಿನ ಪ್ರತಿ ಬಾಗಿಲನ್ನೂ ತಟ್ಟಿದೆ. ಮೂರನೆಯ ಅಂತಸ್ತಿನ ನೀಲಮ್ಮ ಕಾಕಿಯವರ ಬಾಗಿಲನ್ನೂ.

ಕಾಕಿ ನಮಗೆ ಸಂಬಂಧಿಕರಲ್ಲ, ಕಲಬುರ್ಗಿ ಕಡೆಯವರು. ಗಂಡ ಹೋದ ಮೇಲೂ ಒಬ್ಬರೇ ಧೈರ್ಯವಾಗಿದ್ದವರು. ಕಾಚಿಗೂಡದ ತಂಗಿಯ ಮನೆಗೆ ಹೋಗಿ ಹೊಟ್ಟೆ ತುಂಬ ಜಗಳಾಡಿ ಬರುವುದು ಅವರ ವಾರದ ಸುಖ. ಮೊಣಕಾಲು ಕೆಟ್ಟ ಮೇಲೆ ಆ ಸುಖ ಅಪರೂಪವಾಗಿತ್ತು. ನಮ್ಮಲ್ಲಿ ಲಿಫ್ಟ್ ಇಲ್ಲ. ಅದಕ್ಕೇ ಅವರು ತಮ್ಮ ಫ್ಲ್ಯಾಟನ್ನು ಮಾರಿ, ಅದೇ ದುಡ್ಡಿಗೆ ಇದೇ ಬಿಲ್ಡಿಂಗಿನ ನೆಲದ ಅಂತಸ್ತಿನ ಮನೆಯನ್ನು ಕೊಳ್ಳುವವರಿದ್ದರು. ಪ್ರಸಾದ್ ಎಂಬ ಬ್ಯಾಂಕಿನ ಹುಡುಗ ಕಾಕಿಯ ಮನೆ ನೋಡಿ ಒಪ್ಪಿಕೊಂಡಿದ್ದ. ಕೆಳಗಿನ ಮನೆಯವರೂ ಒಪ್ಪಿದ್ದರು. ಮುಂಗಡವೊಂದು ಬಾಕಿ.

ಕಾಕಿ ನನ್ನ ಅಳುವನ್ನು ಪೂರ್ತಿ ನೋಡಿದರು. "ಬಸು, ಹಿಂದ ಕಾಣಾಕತ್ತಿದ್ದು ನಮ್ಮ ಬಿಲ್ಡಿಂಗ್ ಅಲ್ಲೇನೋ?"

"ಹೌದ್ರಿ ಕಾಕಿ! ಹೆಸರಿನ ಬೋರ್ಡ್ ಸುದ್ದಾ ಬಂದೈತಿ!"

"ಚೊಲೋ ಆತು" ಎಂದರು ಕಾಕಿ. ಅವರ ದನಿ ಚೊಲೋ ಇರಲಿಲ್ಲ.

ಮರುದಿನ ಕಾಕಿಗೆ ಪ್ರಸಾದನ ಫೋನು. ಊರಿನಲ್ಲಿ ಅವನ ತಂದೆ ಟೀವಿ ನೋಡಿದರಂತೆ. ತುಸು ತಡಿ, ಬೆಲೆ ಇನ್ನೂ ಇಳಿಯುತ್ತದೆ ಎಂದರಂತೆ.

"ರೀ, ನಿಮ್ಮ ಬಾಯಿ ಮಾಡಿದ್ದನ್ನ ನೀವ ಹೋಗಿ ಬರೋಬ್ಬರಿ ಮಾಡ್ರಿ" ಎಂದಳು ಶಾಂತಾ.

ಹೋದೆ. ಪ್ರಸಾದನ ಮನೆಗೆ ಊರಿನಿಂದ ಅವನ ತಂದೆಯೂ ಬಂದಿದ್ದರು. ನನ್ನನ್ನು ಕಂಡೊಡನೆ "ಅಳುವ ಸಾರ್!" ಎಂದು ಎದ್ದು ನಿಂತು, ಕುಡಿಯಲು ನೀರು ಕೊಟ್ಟರು. ನಾನು ರಿವಾಜನ್ನೆಲ್ಲ ಗಾಳಿಗೆ ತೂರಿ ಬಿಲ್ಡಿಂಗನ್ನು ಹೊಗಳಿದೆ. ನೀರು ಅಮೃತ, ಗಾಳಿ ಹಿಮಾಲಯದ್ದು, ನೆರೆಹೊರೆ ದೇವತೆಗಳು.

"ಅಷ್ಟು ಚೆನ್ನಾಗಿದ್ದರೆ ಅತ್ತಿದ್ದು ಯಾಕೆ?" ಎಂದರು ತಂದೆ.

"ಅಳಲಿಲ್ಲ. ಕಣ್ಣಿಗೆ ಧೂಳು ಬಿತ್ತು."

"ಎಲ್ಲಿ?"

"ಮನೆ ಮುಂದೆ."

ಅವರು ಮಗನತ್ತ ತಿರುಗಿದರು. "ಧೂಳೂ ಇದೆಯಂತೆ."

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಬುದ್ಧಿವಂತರು ಇಷ್ಟಕ್ಕೇ ನಿಲ್ಲಿಸುತ್ತಾರೆ. ನಾನು ಚಾನೆಲ್ಲಿಗೆ ಫೋನು ಮಾಡಿ, ಸದರಿ ಹೇಳಿಕೆಗೆ ತಿದ್ದುಪಡಿ ಕೊಡಲು ಇಚ್ಛಿಸುತ್ತೇನೆ ಎಂದು ತಿಳಿಸಿದೆ. ಅದೇ ವರದಿಗಾರ ಅತ್ಯಂತ ಪ್ರೀತಿಯಿಂದ ಬಂದ. ನಾನು ಇಸ್ತ್ರಿ ಮಾಡಿದ ಶರ್ಟು ಹಾಕಿ, ಬಿಲ್ಡಿಂಗಿನ ಮುಂದೆ ನಿಂತು, ಬೆಲೆ ಕಿಂಚಿತ್ತೂ ಬಿದ್ದಿಲ್ಲ, ಇದು ಬಂಗಾರದಂಥ ಜಾಗ ಎಂದು ಗರ್ಜಿಸಿದೆ.

ರಾತ್ರಿಯ ಚರ್ಚೆಯಲ್ಲಿ ಪರದೆ ಎರಡು ಹೋಳಾಗಿತ್ತು. ಎಡಕ್ಕೆ ಅಳುವ ನಾನು, ಬಲಕ್ಕೆ ಗರ್ಜಿಸುವ ನಾನು. ಇವರಲ್ಲಿ ಯಾರು ನಿಜ? ನಾಲ್ಕು ಜನ ಪಂಡಿತರು ನನ್ನ ವಿಷಯದಲ್ಲಿ ಕಾದಾಡಿದರು. ಒಬ್ಬರು ಶಾಂತವಾಗಿ ಹೇಳಿದರು: "ಬೆಲೆ ಬಿದ್ದಿಲ್ಲ ಎಂದು ಮಾಲೀಕರೇ ಬೀದಿಗೆ ಬಂದು ಕೂಗುತ್ತಿದ್ದಾರೆ ಎಂದರೆ, ಎಷ್ಟು ಬಿದ್ದಿರಬೇಕು ನೀವೇ ಯೋಚಿಸಿ."

ನನಗೆ ಅವರ ಮಾತು ಸರಿ ಎನಿಸಿತು! ಬಲಗಡೆಯವನ ಕಣ್ಣಲ್ಲಿ ಏನೋ ಕಳ್ಳತನವಿತ್ತು. ಎಡಗಡೆಯವನೇ ನಂಬಿಗಸ್ತನಂತೆ ಕಂಡ. ಬೆಳಿಗ್ಗೆ ಬಚ್ಚಲಿನಲ್ಲಿ ನಲ್ಲಿ ಬಿಟ್ಟು, ಸಣ್ಣ ದನಿಯಲ್ಲಿ ಏಜೆಂಟನಿಗೆ ಫೋನು ಹಚ್ಚಿ, ನಮ್ಮ ಮನೆ ಈಗಲೇ ಮಾರಿದರೆ ಏನು ಬರುತ್ತದೆ ಎಂದು ಕೇಳಿದೆ. ಹೊರಗೆ ಬಂದರೆ ಶಾಂತಾ ಬಾಗಿಲಲ್ಲೇ ನಿಂತಿದ್ದಳು.

"ಮನಿ ಮಾರ್ತೀರೇನ್ರಿ?"

"ಭಾಳ ಇಳಿಯೂದೈತಂತ. ಟೀವ್ಯಾಗ ತಿಳಿದಾವ್ರು ಹೇಳ್ಯಾರ."

"ಯಾರ ಹೇಳ್ಯಾರ?"

ನಾನು ಯೋಚಿಸಿದೆ. "ನಾನ."

ಅದೇ ವಾರ ಪ್ರಸಾದ ಪೂರ್ತಿ ಹಿಂದೆ ಸರಿದ. ನೆಲದ ಅಂತಸ್ತಿನವರು, ಇಂಥ ಕಾಲದಲ್ಲಿ ಮಾರಿದರೆ ಮುಳುಗುತ್ತೇವೆ ಎಂದು ಮನೆಗೆ ಬೀಗ ಜಡಿದು ಸಿಕಂದರಾಬಾದಿನ ಮಗನ ಹತ್ತಿರ ಹೋದರು. ಕೊಳ್ಳುವವನು ಬೆಲೆ ಇಳಿಯಲಿ ಎಂದು ಕಾದ, ಮಾರುವವರು ಏರಲಿ ಎಂದು ಕಾದರು. ನಡುವೆ ಮೆಟ್ಟಿಲ ಮೇಲೆ ಕಾಕಿ ಉಳಿದರು.

ಒಂದು ಸಂಜೆ ಔಷಧಿ ಅಂಗಡಿಗೆ ಹೋಗಿ ಬಂದ ಕಾಕಿ, ದಣಿವಾರಿಸಿಕೊಳ್ಳಲು ನಮ್ಮಲ್ಲಿ ಕೂತರು. ನಮ್ಮದು ಒಂದನೆಯ ಅಂತಸ್ತು. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಮೊಣಕಾಲನ್ನು ತಿಕ್ಕಿಕೊಳ್ಳುತ್ತಾ "ಕಾಚಿಗೂಡದಾಕಿ ಫೋನ್ ಮಾಡಿದ್ಲು. ಜಗಳ ಫೋನಿನ್ಯಾಗ ಆಡಿದ್ರ ರುಚಿ ಹತ್ತಂಗಿಲ್ಲ ನೋಡ್" ಎಂದರಷ್ಟೇ.

ಚಹಾ ತಂದ ಶಾಂತಾ ನಿಂತಲ್ಲೇ ನಿಂತಳು. "ಕಾಕಿ, ನೀವ ಇಲ್ಲೆ ಬಂದಬಿಡ್ರಿ. ನಾವು ಮ್ಯಾಲ ಹೋಗ್ತೀವಿ. ಎರಡೂ ಮನಿ ಒಂದ ಅಳತಿವು. ನಮ್ಮ ಕಾಲು ಇನ್ನೂ ಗಟ್ಟಿ ಅದಾವ. ಹೌದಲ್ರಿ?"

ಕೊನೆಯ ಪ್ರಶ್ನೆ ನನಗೆ. ಕಾಕಿಯ ಕೈ ಮೊಣಕಾಲ ಮೇಲೇ ನಿಂತಿತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಮೂರು ಭಾಷೆಗಳ ವಂದನಾರ್ಪಣೆಯ ವೀರನಾದ ನಾನು ಆಡಬೇಕಾಗಿದ್ದುದು ಒಂದೇ ಶಬ್ದ.

"ಹಂಗಲ್ಲ ಶಾಂತಾ" ಎಂದೆ. "ಒಂದನೇ ಅಂತಸ್ತಿಗೆ ರೇಟ ಬ್ಯಾರೆ ಇರ್ತೈತಿ. ನಮ್ಮದು ಪೂರ್ವದ ಬಾಗಲ. ಮಾರ್ಬಲ್ ಬ್ಯಾರೆ ಹಾಕಿಸೇವಿ. ಫರಕ್ ಎಷ್ಟಾಕ್ಕೈತಿ ಅಂತ ಒಮ್ಮೆ..."

ಮಾತು ಮುಗಿಯಲಿಲ್ಲ. ಕಾಕಿ ನಗತೊಡಗಿದ್ದರು. ನಕ್ಕು ನಕ್ಕು ಕೆಮ್ಮು ಬಂತು. "ಪುಕ್ಕಟ ಕೊಟ್ರೂ ಯಾರೂ ತಗೊಳ್ಳಂಗಿಲ್ಲ ಅಂದಿದ್ಯಲ್ಲೋ ಬಸು!"

"ಅದು ಹಂಗ ಅಲ್ರಿ ಕಾಕಿ..."

"ಇರ್ಲಿ ಬಿಡಪಾ. ನಿನ್ನ ಮನಿ ಚೊಲೋ ಐತಿ. ನೀನ ಇಟ್ಕೋ." ಅವರು ಮೆಟ್ಟಿಲ ಕಂಬಿ ಹಿಡಿದು ಮೇಲೆ ಹೊರಟರು. ಶಾಂತಾ ಅವರ ತೋಳು ಹಿಡಿದುಕೊಂಡು ಹೋದಳು. ನಾನು ಪೂರ್ವದ ಬಾಗಿಲಲ್ಲಿ ನಿಂತೆ.

ಈ ಬರಹದ ಮೊದಲ ಪ್ರತಿಯಲ್ಲಿ ಮನೆಗಳ ಅದಲುಬದಲು ಆಗಿತ್ತು. ಕಾಕಿ ಕೆಳಗೆ ಸುಖವಾಗಿದ್ದರು, ನಾನು ಮೂರನೆಯ ಅಂತಸ್ತಿನಲ್ಲಿ ಗಾಳಿ ಕುಡಿಯುತ್ತಾ ಕೂತಿದ್ದೆ. ಬರೆಯುವಾಗ ಅದೇ ನಿಜವೆಂದು ನನಗೆ ಖಾತ್ರಿಯಿತ್ತು. ಶಾಂತಾಳಿಗೆ ಓದಿ ತೋರಿಸಿದೆ. ಅವಳು ಪೂರ್ತಿ ಕೇಳಿ, ಕನ್ನಡಕ ತೆಗೆದು ಕೇಳಿದಳು:

"ಇದು ಯಾವ ಚಾನೆಲ್‌ನ್ಯಾಗ ಬಂದಿತ್ರಿ?"